ಕೇಳಿ ಬೆರೆಸಿದ ಪರಿಮಳ

ಕೊರೊನಾ ಬಂದುಹೋದಾಗ ರಮಾನಾಥನ ಜೀವ ಉಳಿಯಿತು, ಮೂಗು ಉಳಿಯಲಿಲ್ಲ. ಹುಳಿ, ಸಿಹಿ, ಕಹಿ ನಾಲಗೆಗೆ ತಿಳಿಯುತ್ತಿತ್ತು. ಪರಿಮಳವೆಂಬುದು ಮಾತ್ರ ಲೋಕದಿಂದಲೇ ಎದ್ದುಹೋಗಿತ್ತು. ಮುಂಬಯಿಯ ದಾದರ್‌ನ ಬಾರ್‌ನಲ್ಲಿ ವರ್ಷಗಟ್ಟಲೆ ಕಾಕ್‌ಟೇಲ್ ಬೆರೆಸಿದ ಕೈ, ಅಳತೆಯ ಅಭ್ಯಾಸದ ಮೇಲೆಯೇ ಕೆಲಸ ನಡೆಸಿಕೊಂಡು ಬಂದಿತ್ತು. ಅವನು ಯಾರಿಗೂ ಹೇಳಿರಲಿಲ್ಲ; ಉಡುಪಿಯಲ್ಲಿದ್ದ ಹೆಂಡತಿ ಅಪ್ಪಿಗೂ.

ಒಂದು ಮಧ್ಯಾಹ್ನ ಮಾಲೀಕ ಅನಿಲಕುಮಾರ ಹಸಿರು ಬಾಟಲಿಯೊಂದನ್ನು ತಂದಿಟ್ಟ. ಯುರೋಪಿನ ಯಾವುದೋ ಮಠದ ಸನ್ಯಾಸಿಗಳು ತಲೆತಲಾಂತರದಿಂದ ಗಿಡಮೂಲಿಕೆ ನೆನೆಸಿ ಮಾಡುವ ಮದ್ಯವಂತೆ.

"ಇದ್ರಲ್ಲಿ ಹೊಸ ಡ್ರಿಂಕ್ ಒಂದು ಮಾಡಿ ರಮಾನಾಥ್. ನಮ್ಮ ಊರಿನ ರುಚಿ ಬೇಕು."

ರಮಾನಾಥ ಜಿನ್ನಿಗೆ ಊರಿನ ಪುನರ್ಪುಳಿ ಹಣ್ಣಿನ ಹುಳಿ ರಸ, ಲಿಂಬೆ ಸೇರಿಸಿ, ಹಸಿರು ಮದ್ಯವನ್ನೂ ಧಾರಾಳವಾಗಿ ಸುರಿದು ಕುಲುಕಿಕೊಟ್ಟ. ಅನಿಲಕುಮಾರ ಒಂದೇ ಗುಟುಕಿಗೆ ಮುಖ ಕಿವುಚಿದ. "ಎಂತದಿದು? ಕೆಮ್ಮಿನ ಸಿರಪ್ ವಾಸನೆ!" ಎಂದು ಲೋಟ ಇಟ್ಟು ಹೋದ.

ಜೊತೆಯಲ್ಲಿ ಕೌಂಟರ್ ನೋಡಿಕೊಳ್ಳುವ ನಿಖಿತಾ ಹತ್ತಿರ ಬಂದಳು. ಮುಂಬಯಿಯಲ್ಲೇ ಹುಟ್ಟಿದ ಹುಡುಗಿ, ಅವಳ ಕನ್ನಡ ತಡವರಿಸುತ್ತಿತ್ತು.

"ಅಂಕಲ್, ನಿಮಗೆ ಸ್ಮೆಲ್ ಬರಲ್ಲ, ಹೈ ನಾ? ಮೊನ್ನೆ ಕ್ರೀಮ್ ಖರಾಬ್ ಆಗಿತ್ತು. ನಿಮಗೆ ಗೊತ್ತೇ ಆಗಿಲ್ಲ."

ರಮಾನಾಥ ಹೌದೆಂದು ತಲೆಯಾಡಿಸಿದ. ಅವಳು ನಗಲಿಲ್ಲ. ಬಾಟಲಿಯ ಬಾಯಿಗೆ ಮೂಗು ಹಿಡಿದು, "ತುಳಸಿ ಥರ... ಪುದೀನ... ಮತ್ತೆ ಪೂಜೆಯಲ್ಲಿ ಹಚ್ತಾರಲ್ಲ, ಕಪೂರ್" ಎಂದಳು. ಅವನು ಹೊಸ ಲೋಟಕ್ಕೆ ಹಸಿರು ಮದ್ಯವನ್ನು ಹನಿಹನಿಯಾಗಿ ಸೇರಿಸುತ್ತ ಹೋದ, ಅವಳು ಮೂಸಿ "ಬಸ್, ಸಾಕು" ಎಂದಾಗ ನಿಲ್ಲಿಸಿದ. ಅನಿಲಕುಮಾರ ಈ ಸಲ ಲೋಟ ಬರಿದು ಮಾಡಿದ. ಸಂಜೆ ಬಂದ ಗಿರಾಕಿಗಳೂ ಏನು ಘಮ, ಏನು ಘಮ ಎಂದರು. ಬೇರೆಯವರ ಮಕ್ಕಳನ್ನು ಹೊಗಳುವುದನ್ನು ಕೇಳಿಸಿಕೊಂಡಂತೆ ರಮಾನಾಥ ನಕ್ಕ.

ಮರುದಿನ ರಜೆ. ಭಾಂಡುಪ್‌ನ ಕೋಣೆಯಲ್ಲಿ ಗ್ಯಾಸ್ ಒಲೆಯ ಮೇಲೆ ಅನ್ನಕ್ಕೆ ಇಟ್ಟು, ಅಪ್ಪಿಗೆ ಫೋನ್ ಮಾಡಿ ಎಲ್ಲ ಹೇಳಿಬಿಟ್ಟ. ಊರಿಗೆ ಹೋದಾಗಲೆಲ್ಲ ಅವಳ ಮೀನು ಸಾರನ್ನು ಸುಳ್ಳೇ ಮೂಸಿ ಹೊಗಳಿದ್ದು ಅವನಿಗೆ ನೆನಪಾಯಿತು. ಸಿಟ್ಟಾಗುತ್ತಾಳೆಂದುಕೊಂಡ.

"ಹಾಗಾದ್ರೆ ಗ್ಯಾಸ್ ಲೀಕ್ ಆದ್ರೆ ನಿಮಗೆ ಹೇಗೆ ಗೊತ್ತಾಗುದು?" ಅವಳ ದನಿ ನಡುಗುತ್ತಿತ್ತು. "ಒಬ್ರೇ ಇರುದಲ್ವಾ ಅಲ್ಲಿ?"

ಅವನು ಅನ್ನ ಬೇಯುತ್ತಿದ್ದ ಒಲೆಯ ಕಡೆ ತಿರುಗಿ ನೋಡಿದ.

"ಎಂತ, ಕೇಳ್ತಾ ಉಂಟಾ?"

"ಹ್ಞೂಂ" ಎಂದ ರಮಾನಾಥ, ಫೋನನ್ನು ಕಿವಿಗೆ ಒತ್ತಿಕೊಂಡೇ ಎದ್ದುಹೋಗಿ ಕಿಟಕಿ ತೆರೆದ.