ಎಡಗೈ ಏಡಿಯ ಕುಟುಂಬ

ವಸ್ತುಸಂಗ್ರಹಾಲಯದ ನೆಲಮಾಳಿಗೆಯಲ್ಲಿ ಕೂತು ಮೂವತ್ತೊಂದು ವರ್ಷದಿಂದ ಏಡಿಗಳ ಚಿತ್ರ ಬರೆಯುತ್ತಿದ್ದ ಚುಕ್ಕಿಯಮ್ಮನಂಥ ಚಿತ್ರಗಾರ್ತಿ ಭೂಮಿಯ ಮೇಲೆ ಇನ್ನೊಬ್ಬಳಿರಲಿಲ್ಲ. ಭೂಮಿಯ ಕೆಳಗಂತೂ ಇರಲೇ ಇಲ್ಲ. ಅವಳು ಗೆರೆ ಎಳೆಯುತ್ತಿರಲಿಲ್ಲ, ಸೂಜಿಮೊನೆಯ ಪೆನ್ನಿನಿಂದ ಚುಕ್ಕಿ ಇಡುತ್ತಿದ್ದಳು. ನೆರಳಿಗೆ ಒತ್ತೊತ್ತಾಗಿ, ಬೆಳಕಿಗೆ ಬಿಡಿಬಿಡಿಯಾಗಿ. ಅವಳಿಟ್ಟ ಚುಕ್ಕಿಗಳನ್ನೆಲ್ಲ ಒಂದೆಡೆ ಸುರಿದಿದ್ದರೆ ಆಕಾಶವು ತನ್ನ ನಕ್ಷತ್ರಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಓಡಬೇಕಾಗುತ್ತಿತ್ತು. ಅವಳು ಬರೆದ ಏಡಿಯೊಂದು ಕಾಗದ ಬಿಟ್ಟು ಮೇಜಿನಂಚಿನವರೆಗೆ ಅಡ್ಡಡ್ಡ ನಡೆದದ್ದನ್ನು ಕಂಡೆನೆಂದು ಕಸ ಗುಡಿಸುವವಳು ಇಂದಿಗೂ ಆಣೆಯಿಟ್ಟು ಹೇಳುತ್ತಾಳೆ.

ಆದರೆ ಆ ಕೋಣೆಗೆ ಹೋಗಬೇಕಾದರೆ ಸ್ಪಿರಿಟ್ಟಿನಲ್ಲಿ ಮುಳುಗಿಸಿಟ್ಟ ಜಂತುಗಳ ಹನ್ನೊಂದು ಸಾಲು ಜಾಡಿಗಳನ್ನು ದಾಟಬೇಕು. ಒಮ್ಮೆ ದಾಟಿದರೆ ಆ ವಾಸನೆ ತಲೆಗೂದಲಲ್ಲಿ ವಾರಗಟ್ಟಲೆ ಸಂಸಾರ ಹೂಡುತ್ತದೆ. ಹಾಗಾಗಿ ಕಸ ಗುಡಿಸುವವಳ ಹೊರತು ಅತ್ತ ಯಾರೂ ಸುಳಿಯುತ್ತಿರಲಿಲ್ಲ. ಕೆಲಸವಿದ್ದವರು ಚೀಟಿ ಕಳಿಸುತ್ತಿದ್ದರು. ಕೂತು ಮಾತಾಡಲು ಬರುತ್ತಿದ್ದವರು ಒಬ್ಬರೇ: ಮೇಷ್ಟ್ರು. ಗುರುವಾರ ಹನ್ನೊಂದಕ್ಕೆ, ನಲವತ್ತೆರಡು ಮೆಟ್ಟಿಲಿಗೆ ನಲವತ್ತೆರಡು ಬೈಗುಳ ಬೈಯುತ್ತ ಇಳಿದು ಬರುತ್ತಿದ್ದರು. ನಿವೃತ್ತರಾಗಿ ಹತ್ತೊಂಬತ್ತು ವರ್ಷವಾಗಿದ್ದರೂ ಏಡಿಗಳ ಬಗ್ಗೆ ಒಂದು ಮಹಾಗ್ರಂಥ ಬರೆಯುತ್ತಿದ್ದರು. ನಾಲ್ಕು ಗಂಟೆಯವರೆಗೆ ಏಡಿಯ ಮಾತೇ ಹೊರತು ಬೇರೆಯಿಲ್ಲ. ಆದರೂ ಅದು ಮಾತು. ಉಳಿದ ಆರು ದಿನ ಚುಕ್ಕಿಯಮ್ಮ ತನ್ನ ಗಂಟಲು ಇನ್ನೂ ಇದೆಯೇ ಎಂದು ತಿಳಿಯಲು ಆಗಾಗ ಕೆಮ್ಮಿ ನೋಡಿಕೊಳ್ಳುತ್ತಿದ್ದಳು.

ಮೇಷ್ಟ್ರ ಕೀರ್ತಿಯೆಲ್ಲ ನಿಂತಿದ್ದದ್ದು ಒಂದು ಏಡಿಯ ಎಡಗೈ ಮೇಲೆ. ಪೆಟ್ಟಿಗೆ ಏಡಿಗಳೆಂದು ಒಂದು ಕುಟುಂಬವಿದೆ. ಗುಮ್ಮಟದಂಥ ಬೆನ್ನಚಿಪ್ಪು, ಅಗಲವಾದ ಎರಡು ಕೈ. ಸಾಲ ಕೊಟ್ಟವನನ್ನು ಕಂಡವರ ಹಾಗೆ ಆ ಕೈಗಳಿಂದ ಸದಾ ಮುಖ ಮುಚ್ಚಿಕೊಂಡಿರುತ್ತವೆ. ಬಲಗೈ ಇಕ್ಕುಳದ ಬುಡದಲ್ಲಿ ಒಂದು ದೊಡ್ಡ ಹಲ್ಲು. ಅದರಿಂದ ಶಂಖದಹುಳುವಿನ ಚಿಪ್ಪನ್ನು ಡಬ್ಬಿ ಕೊರೆದಂತೆ ಸುತ್ತ ಕೊರೆದು ತಿನ್ನುತ್ತವೆ. ಮೇಷ್ಟ್ರಿಗೆ ಸಿಕ್ಕಿದ ನಾಲ್ಕು ಕೋಟಿ ವರ್ಷದ ಪಳೆಯುಳಿಕೆಯಲ್ಲಿ ಮಾತ್ರ ಆ ಹಲ್ಲು ಎಡಗೈಯಲ್ಲಿತ್ತು! ಮೇಷ್ಟ್ರು ಅದಕ್ಕೆಂದೇ ಹೊಸ ಕುಟುಂಬ ಕಟ್ಟಿದರು. ಇಡೀ ಕುಟುಂಬಕ್ಕೆ ಅದೊಂದೇ ಏಡಿ. ಸಿಕ್ಕಿದ್ದು ಎಂದರೂ ಸಿಕ್ಕಿದ್ದು ಫೋಟೋ ಮಾತ್ರ. ಕಲ್ಲು ದೂರದ ಇನ್ನೊಂದು ಸಂಗ್ರಹಾಲಯದಲ್ಲಿತ್ತು. ಅಲ್ಲಿನವರು ಅದನ್ನು ಯಾರಿಗೂ ಕಡ ಕೊಡುತ್ತಿರಲಿಲ್ಲ. ಫೋಟೋ ನೋಡಿ ಚಿತ್ರ ಬರೆದವಳು ಚುಕ್ಕಿಯಮ್ಮ. ಅವಳ ಮೊದಲ ಕೆಲಸವೇ ಅದು.

ಈಗ ಆ ದೂರದ ಸಂಗ್ರಹಾಲಯ ಮುಚ್ಚಿತು. ಒಂದು ಸೋಮವಾರ ಕಲ್ಲು ಮರದ ಪೆಟ್ಟಿಗೆಯಲ್ಲಿ ಅವಳ ಮೇಜಿಗೆ ಬಂತು. ಚುಕ್ಕಿಯಮ್ಮ ಹಳೆಯ ಗೆಳತಿಯ ಬೆನ್ನು ಸವರುವಂತೆ ಬೆರಳಿಟ್ಟಳು. ಬೆರಳು ಒಳಕ್ಕೆ ಇಳಿಯಿತು.

ಉಬ್ಬಿರಬೇಕಾದ ಬೆನ್ನು ತಗ್ಗಾಗಿತ್ತು.

ಅವಳ ಕಸುಬಿನಲ್ಲಿ ಒಂದು ಕಟ್ಟಳೆಯಿದೆ: ಚಿತ್ರದಲ್ಲಿ ಬೆಳಕು ಎಡಗಡೆ ಮೇಲಿನಿಂದಲೇ ಬೀಳಬೇಕು. ಅದು ಕಣ್ಣಿಗೆ ಎಷ್ಟು ಹತ್ತಿಬಿಡುತ್ತದೆಂದರೆ, ಬಲಗಡೆ ಕೆಳಗಿನಿಂದ ದೀಪ ಬಿಟ್ಟು ಯಾವನೋ ತೆಗೆದಿದ್ದ ಆ ಹಳೆಯ ಫೋಟೋದಲ್ಲಿ ಹಳ್ಳವೂ ಅವಳಿಗೆ ಗುಡ್ಡವಾಗಿ ಕಂಡಿತ್ತು. ಕಲ್ಲಿನಲ್ಲಿದ್ದದ್ದು ಏಡಿಯಲ್ಲ, ಏಡಿ ಒತ್ತಿಹೋದ ಅಚ್ಚು. ಒಳಮಗ್ಗುಲು ತಿರುಗಿಸಿದ ಕೈಗವಸಿನಂತೆ ಅಚ್ಚಿನಲ್ಲಿ ಬಲ ಎಡವಾಗುತ್ತದೆ. ಅವಳು ಮಕ್ಕಳಾಡುವ ಗುಲಾಬಿ ಜೇಡಿಮಣ್ಣನ್ನು ಹಳ್ಳಕ್ಕೆ ಒತ್ತಿ ಬಿಡಿಸಿದಳು. ಗುಲಾಬಿ ಏಡಿಯೊಂದು ಅಂಗೈಮೇಲೆ ಕೂತಿತು. ಹಲ್ಲು ಬಲಗೈಯಲ್ಲಿತ್ತು, ಎಲ್ಲ ಪೆಟ್ಟಿಗೆ ಏಡಿಗಳಿಗೂ ಇರುವಂತೆ.

ಮಹಾಗ್ರಂಥದ ಚಿತ್ರಗಳು ಶುಕ್ರವಾರ ಮುದ್ರಣಕ್ಕೆ ಹೋಗುವುದಿತ್ತು. ಹೇಳಿದರೆ ಮೇಷ್ಟ್ರ ಕುಟುಂಬ ಮುಳುಗುತ್ತದೆ. ಗ್ರಂಥ ನಿಂತರೆ ಗುರುವಾರಗಳೂ ಮುಳುಗುತ್ತವೆ. ಹೇಳದಿದ್ದರೆ ಸುಳ್ಳಿನ ಕೆಳಗೆ ತನ್ನ ಸಹಿ. ಮಂಗಳವಾರ ತಂಗಿಯ ಫೋನು ಬಂದಾಗ ಅದನ್ನೇ ಹೇಳಿಕೊಂಡಳು.

"ಅಕ್ಕಾ, ಆ ಏಡಿ ಸತ್ತು ನಾಲ್ಕು ಕೋಟಿ ವರ್ಷ ಆಯ್ತು. ಅದೇನು ಎದ್ದು ಬಂದು ಕೇಸು ಹಾಕುತ್ತಾ?"

"ಹಾಕಲ್ಲ."

"ಮತ್ತೆ? ಬಾಯಿಗೆ ಬೀಗ ಹಾಕ್ಕೊಂಡು ಕೂತ್ಕೊ. ನಿನ್ನ ಹತ್ರ ಮಾತಾಡೋಕೆ ಬರೋದೇ ಒಂದು ಜೀವ. ಅದನ್ನೂ ಓಡಿಸ್ಬೇಡ."

ಬುಧವಾರ ರಾತ್ರಿ ಅವಳು ಹಾಸಿಗೆಯಲ್ಲಿ ಹೊರಳಿದ್ದನ್ನು ಅಳೆದಿದ್ದರೆ ಪಕ್ಕದೂರು ಮುಟ್ಟಿ ವಾಪಸು ಬರುವಷ್ಟಿತ್ತು.

ಗುರುವಾರ ಮೇಷ್ಟ್ರು ಬಂದು ಕೂತರು.

"ಮೇಷ್ಟ್ರೇ, ಕೈ ಕೊಡಿ."

"ಈ ವಯಸ್ಸಲ್ಲಾ?" ಮೇಷ್ಟ್ರು ನಕ್ಕರು. "ಎಪ್ಪತ್ತೊಂಬತ್ತು ಕಣ್ರೀ ನಂಗೆ."

"ಬೆರಳು ಸಾಕು." ಆ ಬೆರಳನ್ನು ಕಲ್ಲಿನ ಮೇಲಿಟ್ಟಳು.

ಬೆರಳು ಒಳಗಿಳಿಯಿತು. ಹೊರಗೆ ಬಂತು. ಮತ್ತೆ ಇಳಿಯಿತು. ಜಾಡಿಗಳಲ್ಲಿದ್ದ ಸಾವಿರ ಸತ್ತ ಕಣ್ಣುಗಳೂ ಆಗ ಇತ್ತಲೇ ತಿರುಗಿದ್ದವು. ಚುಕ್ಕಿಯಮ್ಮ ಗುಲಾಬಿ ಏಡಿಯನ್ನು ಮುಂದೆ ಸರಿಸಿದಳು.

ಮೇಷ್ಟ್ರು ಕನ್ನಡಕ ತೆಗೆದರು. "ಯಾರಿಗಾದ್ರೂ ಹೇಳಿದ್ರಾ?"

"ತಂಗಿಗೆ. ಅವಳಿಗೆ ಏಡಿ ಯಾವ್ದು, ಜೇಡ ಯಾವ್ದು ಅಂತ್ಲೇ ಗೊತ್ತಿಲ್ಲ."

"ಸುಮ್ನಿದ್ದಿದ್ರೆ ನಾಳೆ ಅಚ್ಚಿಗೆ ಹೋಗ್ತಿತ್ತು. ನಾನಿನ್ನೆಷ್ಟು ವರ್ಷ ಇರ್ತಿದ್ದೆ? ಸುಮ್ನೆ ಇರ್ಬಹುದಿತ್ತಲ್ಲ ನೀವು?"

"ಚುಕ್ಕಿ ಇಟ್ಟವಳು ನಾನಲ್ವಾ ಮೇಷ್ಟ್ರೇ. ಎಂಬತ್ತು ಸಾವಿರ ಚುಕ್ಕಿ. ಒಂದೂ ಅದರ ಜಾಗದಲ್ಲಿಲ್ಲ."

ಮೇಷ್ಟ್ರು ಕೋಲು ಹುಡುಕಿ ಎದ್ದರು. ಮೆಟ್ಟಿಲು ಹತ್ತುವಾಗ ಒಂದು ಬೈಗುಳವೂ ಕೇಳಿಸಲಿಲ್ಲ. ಗಡಿಯಾರದಲ್ಲಿ ಹನ್ನೊಂದೂ ಇಪ್ಪತ್ತು.

ಆಮೇಲೆ ಮೂರು ಗುರುವಾರ ಯಾರೂ ಬರಲಿಲ್ಲ. ಒಂದೊಂದು ಗುರುವಾರವೂ ಉಳಿದವರ ಲೆಕ್ಕದ ಒಂದೊಂದು ತಿಂಗಳಿನಷ್ಟು ಉದ್ದವಿತ್ತು. ಚುಕ್ಕಿಯಮ್ಮ ಇದ್ದ ಪೆನ್ನುಗಳನ್ನೆಲ್ಲ ತೊಳೆದಳು. ತೊಳೆದವನ್ನೇ ಮತ್ತೆ ತೊಳೆದಳು.

ನಾಲ್ಕನೆಯ ವಾರ ಅಂಚೆಯಲ್ಲಿ ಲಕೋಟೆ ಬಂತು. ಒಂದೇ ಹಾಳೆಯ ತಿದ್ದುಪಡಿ: ಈ ಹಿಂದೆ ನಾನು ಸ್ಥಾಪಿಸಿದ ಕುಟುಂಬವನ್ನು ಈ ಮೂಲಕ ಕೈಬಿಟ್ಟಿದ್ದೇನೆ, ಸದರಿ ಏಡಿಯು ಪೆಟ್ಟಿಗೆ ಏಡಿಗಳ ಕುಟುಂಬಕ್ಕೇ ಸೇರಿದ್ದು, ತಪ್ಪನ್ನು ಕಂಡುಹಿಡಿದವರು ಚಿತ್ರಗಾರ್ತಿ. ನಾಲ್ಕು ಕೋಟಿ ವರ್ಷ ದಿಕ್ಕಿಲ್ಲದೆ ಬಿದ್ದಿದ್ದ ಏಡಿಗೆ ಒಂದೇ ಹಾಳೆಯಲ್ಲಿ ಅಣ್ಣತಮ್ಮ, ದಾಯಾದಿ, ಮರಿಮಕ್ಕಳು ಎಲ್ಲರೂ ಸಿಕ್ಕಿಬಿಟ್ಟರು. ಅಡಿಯಲ್ಲಿ ಒಂದು ಸಾಲು: "ಸರಿಯಾದ ಚಿತ್ರವೊಂದು ಬೇಕು. ಬರೆದು ಅಂಚೆಯಲ್ಲಿ ಕಳಿಸುವುದು."

ಒಂಬತ್ತು ದಿನದಲ್ಲಿ ಬರೆದಳು. ಹತ್ತನೆಯ ದಿನ ಅದನ್ನು ಎರಡು ರಟ್ಟಿನ ನಡುವೆ ಕಟ್ಟಿಕೊಂಡು, ಎರಡು ಬಸ್ಸು ಬದಲಿಸಿ, ಲಕೋಟೆಯ ಮೇಲಿದ್ದ ವಿಳಾಸ ಹಿಡಿದು ಮೂರು ಮಹಡಿ ಹತ್ತಿದಳು. ಇಷ್ಟು ವರ್ಷದಲ್ಲಿ ಆ ಮನೆಯ ಬಾಗಿಲಿನ ಬಣ್ಣ ಕೂಡ ಅವಳಿಗೆ ಗೊತ್ತಿರಲಿಲ್ಲ. ಹಸಿರು.

ಮೇಷ್ಟ್ರೇ ಬಾಗಿಲು ತೆಗೆದರು. "ಅಂಚೇಲಿ ಕಳಿಸಿ ಅಂತ ಬರೆದಿದ್ನಲ್ಲ?"

"ಅಂಚೆಯವನು ಮಡಚಿಬಿಡ್ತಾನೆ."

"ಮಡಚಬೇಡಿ ಅಂತ ಮೇಲೆ ಬರೆದ್ರಾಯ್ತು."

"ಅವನಿಗೆ ಓದೋಕೆ ಬರಲ್ಲ."

"ಓದೋಕೆ ಬರದೇ ಇರೋ ಅಂಚೆಯವನಾ?"

ಚುಕ್ಕಿಯಮ್ಮ ಚಪ್ಪಲಿ ಬಿಚ್ಚತೊಡಗಿದಳು. ಮೇಷ್ಟ್ರು ಪಕ್ಕಕ್ಕೆ ಸರಿದರು.

ಒಳಗೆ ಒಂದು ಮಂಚ, ಒಂದು ಮೇಜು, ಒಂದೇ ಒಂದು ಕುರ್ಚಿ. ಎರಡನೆಯದಕ್ಕೆ ಆ ಮನೆಯಲ್ಲಿ ಎಂದೂ ಕೆಲಸ ಬಿದ್ದಿರಲಿಲ್ಲ. ಕುರ್ಚಿಯನ್ನು ಅವಳತ್ತ ತಳ್ಳಿ, ಹಳೆಯ ಸಂಪುಟಗಳ ರಾಶಿಯ ಮೇಲೆ ತಾವು ಕೂತರು. ಚಿತ್ರದ ಮೇಲೆ ಭೂತಗನ್ನಡಿ ಹಿಡಿದು ಮೀಸೆಯಿಂದ ಕಾಲಿನವರೆಗೆ ನೋಡಿದರು.

"ಹಲ್ಲು ಸರಿಯಾಗಿದೆ," ಎಂದರು.

ಅಲ್ಲಿಗೆ ಏಡಿಯ ಮಾತು ಮುಗಿಯಿತು. ಹೇಳಲು ಇನ್ನೊಂದು ಏಡಿ ಇಬ್ಬರ ಬಳಿಯೂ ಇರಲಿಲ್ಲ. ಕೆಳಗೆ ಬೀದಿಯಲ್ಲಿ ಯಾರೋ ಗಾಡಿ ಶುರುಮಾಡಲು ಒದ್ದಾಡಿ, ಶುರುಮಾಡಿ, ಹೊರಟೂ ಹೋದರು. ಚುಕ್ಕಿಯಮ್ಮ ಖಾಲಿ ರಟ್ಟುಗಳನ್ನು ಜೋಡಿಸಿ ದಾರ ಸುತ್ತತೊಡಗಿದಳು. ಚುಕ್ಕಿ ಇಡುವುದಕ್ಕಿಂತ ನಿಧಾನವಾಗಿ ಸುತ್ತಿದಳು. ದಾರವಾದರೂ ಎಷ್ಟು ಹೊತ್ತು ಬಂದೀತು? ಗಂಟು ಬಿತ್ತು. ಅವಳು ಎದ್ದಳು.

ಮೇಷ್ಟ್ರು ಭೂತಗನ್ನಡಿಯನ್ನು ಅಂಗಿಯ ಚುಂಗಿನಿಂದ ಒರೆಸುತ್ತ, ಯಾರನ್ನೂ ನೋಡದೆ ಕೇಳಿದರು: "ಊಟ ಆಯ್ತಾ?"

ಮೂವತ್ತೊಂದು ವರ್ಷದಲ್ಲಿ ಅವರು ಅವಳನ್ನು ಹಾಗೆ ಕೇಳಿದ್ದು ಅದೇ ಮೊದಲು. ಊಟವೇನೋ ಆಗಿತ್ತು, ಹನ್ನೆರಡಕ್ಕೇ ಆಗಿತ್ತು, ಹೊಟ್ಟೆ ಬಿರಿಯುವಷ್ಟು ಆಗಿತ್ತು.

"ಇಲ್ಲ," ಎಂದು ಚುಕ್ಕಿಯಮ್ಮ ಮತ್ತೆ ಕೂತಳು.