ಇಬ್ಬರ ಪಾಲಿನ ಲದ್ದಿ

೨೦೧೯ರ ಮೇ ಹದಿನಾಲ್ಕು, ಮಂಗಳವಾರ, ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷ.

"ಇದೇನು? ನಿಮ್ಮಪ್ಪ ಉದುರಿಸಿ ಹೋದ್ನಾ?"

ಮೇಲ್ವಿಚಾರಕ ಡ್ಯಾರಿಲ್ ಬೂಟಿನ ತುದಿಯಿಂದ ಲದ್ದಿಯ ಉಂಡೆಯೊಂದನ್ನು ಒದ್ದ. ಅದು ನನ್ನ ಬಾವನ ಮೊಣಕಾಲಿಗೆ ಬಡಿದು ಒಡೆಯಿತು. ಬಾವ ಕದಲಲಿಲ್ಲ.

"ನಿನ್ನೇ ಕಣೋ ಕೇಳ್ತಿರೋದು, ನುಮಾಕೆ. ಎಷ್ಟು ಗುಡ್ಡೆ ಬಿಟ್ಟಿದೀಯ, ಎಣಿಸು."

ಬಾವ ಎಣಿಸಿದ. ಗಾವಲನ್ನು ಇಬ್ಬರಿಗೂ ಪಾಲು ಮಾಡಿದ್ದ ಬಿಳಿ ಪಟ್ಟಿಯ ಅವನ ಕಡೆ ಹನ್ನೊಂದು. ನನ್ನ ಕಡೆ ಒಂದೂ ಇರಲಿಲ್ಲ.

"ಸಂಜೆ ಎಲ್ಲಾ ಎತ್ತಿದ್ದೆ, ಬಾಸ್. ಒಂದೂ ಬಿಟ್ಟಿರ್ಲಿಲ್ಲ."

"ಹಂಗಾದ್ರೆ ದೇವದೂತರು ಬಂದು ಹೇತು ಹೋದ್ರಾ, ಕರಿಯಾ?"

ನಾನು ಬಾವನ ಮುಖ ನೋಡಲಿಲ್ಲ. ನನ್ನ ಕಡೆ ಚೊಕ್ಕವಾಗಿತ್ತಲ್ಲ, ಅಷ್ಟು ಸಾಕು ಎನ್ನಿಸಿತ್ತು.

ಆಸ್ಟ್ರೇಲಿಯಾದ ಕುದುರೆ ಫಾರಮ್ಮೊಂದರ ಆ ಹುಲ್ಲುಗಾವಲಿನಲ್ಲಿ ಹದಿನಾಲ್ಕು ಗಬ್ಬದ ಕುದುರೆಗಳು ಮೇಯುತ್ತಿದ್ದವು. ಸಂಜೆ ಅವುಗಳನ್ನು ಪಕ್ಕದ ಬಯಲಿಗೆ ದಾಟಿಸಿ, ಇಡೀ ಗಾವಲಿನ ಲದ್ದಿ ಎತ್ತಿ ನಾವು ಹೋಗಬೇಕು. ಲದ್ದಿ ಬಿದ್ದಲ್ಲೇ ಬಿಟ್ಟರೆ ಹುಳು ಹುಲ್ಲಿಗೆ ಹತ್ತಿ, ಹುಲ್ಲಿನಿಂದ ಕುದುರೆಯ ಹೊಟ್ಟೆಗೆ ಹೋಗುತ್ತದೆ. ಬೆಳಿಗ್ಗೆ ಏಳಕ್ಕೆ ಡ್ಯಾರಿಲ್ ನಾಲ್ಕು ಗಾಲಿಯ ಬೈಕಿನಲ್ಲಿ ಸುತ್ತು ಹಾಕಿ ನೋಡುತ್ತಾನೆ. ಆಮೇಲೆ ಕುದುರೆಗಳು ಒಳಗೆ.

ಮೊದಲು ಈ ಕೆಲಸ ಇಬ್ಬರದೂ ಒಂದೇ ಆಗಿತ್ತು. ಒಬ್ಬ ಕವೆಗೋಲಿನಲ್ಲಿ ಎತ್ತಿ ಹಾಕುತ್ತಿದ್ದ, ಇನ್ನೊಬ್ಬ ಗಾಡಿ ತಳ್ಳುತ್ತಿದ್ದ. ಗಾಡಿ ತುಂಬಿದಾಗ ಅದಲು ಬದಲು. ಬಾವ ಹಾಡು ಹೇಳುತ್ತಿದ್ದ, ನಾನು ತಪ್ಪು ಹಾಡುತ್ತಿದ್ದೆ. ಎರಡು ವಾರದ ಹಿಂದೆ ಡ್ಯಾರಿಲ್ ಗಾವಲಿನ ನಡುವೆ ಬೇಲಿಯ ಬಿಳಿ ಪಟ್ಟಿಯನ್ನು ಎಳೆಸಿದ. ಆ ಕಡೆ ಅವನದು, ಈ ಕಡೆ ನನ್ನದು. "ಮುಂದಿನ ತಿಂಗಳಿಂದ ಒಂದು ಗಾವಲಿಗೆ ಒಬ್ಬನೇ ಸಾಕು" ಎಂದ. "ಯಾರ ಪಾಲು ಗಲೀಜೋ ಅವನು ಊರಿಗೆ."

ಊರಿಗೆ ಎಂದರೆ ಶಾಂತಸಾಗರದ ನಮ್ಮ ದ್ವೀಪದೇಶ ವನುವಾಟುವಿಗೆ. ಕೆಲಸ ಕೆಟ್ಟು ಹೋದವನ ಹೆಸರಿಗೆ ಕಪ್ಪು ಗುರುತು ಬೀಳುತ್ತದೆ; ಅವನು ಮತ್ತೆ ಆಸ್ಟ್ರೇಲಿಯಾಕ್ಕೆ ಬರುವಂತಿಲ್ಲ. ಬಾವ ಮದುವೆಯಾಗಿರುವುದು ನನ್ನ ತಂಗಿಯನ್ನು. ಅವರ ಮನೆಯ ಗೋಡೆ ಎದ್ದಿತ್ತು, ಮಾಡು ಬಾಕಿ ಇತ್ತು. ನಾನು ಊರಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದೆ. ಆ ಶಾಲೆ ಚಂಡಮಾರುತಕ್ಕೆ ಹಾರಿಹೋಗಿತ್ತು.

ನಮ್ಮ ದ್ವೀಪದಲ್ಲಿ ಬಾವನ ಹೆಸರು ಹಿಡಿದು ಕರೆಯುವುದಿಲ್ಲ. ಅವನ ಮುಖಕ್ಕೆ ಮುಖ ಕೊಟ್ಟು ತಪ್ಪು ಹೊರಿಸುವುದೂ ಇಲ್ಲ. ಹೊರಿಸಿದರೆ ಹಂದಿ ಕೊಟ್ಟು ಸರಿಮಾಡಿಕೊಳ್ಳಬೇಕು. ಹೇಳಲೇಬೇಕಾದ ಮಾತನ್ನು ನಾಯಿಗೋ ಮರಕ್ಕೋ ಹೇಳುತ್ತೇವೆ. ಬಾವ ಪಕ್ಕದಲ್ಲಿ ನಿಂತು ಕೇಳಿಸಿಕೊಳ್ಳುತ್ತಾನೆ. ಈ ಗಾವಲಿನಲ್ಲಿ ನಮಗೆ ಸಿಕ್ಕಿದ್ದು ಒಂದು ಕಣ್ಣು ಬೆಳ್ಳಗಾದ ಮುದಿ ಕುದುರೆ. ಅವಳನ್ನು ಅತ್ತೆ ಎನ್ನುತ್ತಿದ್ದೆವು.

ಆ ದಿನ ಡ್ಯಾರಿಲ್ ಹೋದ ಮೇಲೆ ಬಾವ ಅತ್ತೆಯ ಕುತ್ತಿಗೆ ಉಜ್ಜುತ್ತಾ ಶುರುಮಾಡಿದ.

"ನೋಡಿದ್ಯಾ ಅತ್ತೆ? ಈ ಕಾಲದಲ್ಲಿ ಲದ್ದಿಗೂ ಕಾಲು ಬಂದವೆ. ಪಟ್ಟಿ ಹಾರ್ಕೊಂಡು ಈ ಕಡೀಕೆ ಬತ್ತವೆ."

ನಾನು ಗಾಡಿ ನಿಲ್ಲಿಸಿದೆ. "ಅತ್ತೆ, ಒಂದೇ ಕಣ್ಣಾದ್ರೂ ನಿಂಗೆ ಕಾಣುತ್ತೆ. ಹೊತ್ತು ಮುಳುಗೋಕ್ ಮುಂಚೆ ಕೈ ತೊಳ್ಕೊಂಡು ಓಡೋರಿಗೆ ಎಲ್ಲಿ ಕಾಣುತ್ತೆ?"

"ಮೇಷ್ಟ್ರ ತೋಳು ಬಲೇ ಗಟ್ಟಿ ಅತ್ತೆ. ಎಸುದ್ರೆ ಎಷ್ಟು ದೂರ ಹೋಯ್ತದೆ ಅಂತೀಯ!"

"ಸುಳ್ಳು ಹೇಳೋರ ಬಾಯಿಗಿಂತ ದೂರ ಹೋಗಲ್ಲ ಬಿಡು, ಅತ್ತೆ."

ಅತ್ತೆ ಬಾಲ ಎತ್ತಿ, ಸರಿಯಾಗಿ ಪಟ್ಟಿಯ ಕೆಳಗೆ ಹಾಕಿದಳು. ಅರ್ಧ ಆ ಕಡೆ, ಅರ್ಧ ಈ ಕಡೆ. ತಿಂಗಳ ಹಿಂದಾಗಿದ್ದರೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ಬಾವ ತನ್ನ ಅರ್ಧವನ್ನು ಅಂಚು ಕತ್ತರಿಸಿದ ಹಾಗೆ ಎತ್ತಿಕೊಂಡು ಹೋದ. ನಾನು ನನ್ನ ಅರ್ಧವನ್ನು ಎತ್ತಿದೆ.

ಬುಧವಾರ ಬೆಳಿಗ್ಗೆ ನನ್ನ ಕಡೆ ಒಂಬತ್ತು ಗುಡ್ಡೆ ಇದ್ದವು. ಬಾವನ ಕಡೆ ನೆಲ ಗುಡಿಸಿದ ಹಾಗಿತ್ತು.

"ವಾಹ್, ಮೇಷ್ಟ್ರು!" ಡ್ಯಾರಿಲ್ ಬೈಕಿನಿಂದ ಇಳಿಯಲೂ ಇಲ್ಲ. "ಪಾಠ ಹೇಳೋಕೂ ಬರಲ್ಲ, ಲದ್ದಿ ಬಳಿಯೋಕೂ ಬರಲ್ಲ. ಕೇಳ್ರೋ ಇಬ್ರೂ. ಶುಕ್ರವಾರ ಸಂಜೆ ಒಬ್ಬ ವಿಮಾನ ಹತ್ತಬೇಕು. ಯಾರು ಅಂತ ಬೆಳಿಗ್ಗೆ ನೀವೇ ಹೆಸರು ಹೇಳಿ. ಹೇಳಿಲ್ಲಾಂದ್ರೆ ಎರಡು ಸೀಟು ಹೇಳ್ತೀನಿ, ನಂಗೇನು ನಷ್ಟ?"

ಅಂದು ಊಟಕ್ಕೆ ಅನ್ನ ಮತ್ತು ಡಬ್ಬಿ ಮೀನು. ದಿನವೂ ಬಾವ ತನ್ನ ತಟ್ಟೆಯ ಮೀನಿನ ಬಾಲದ ತುಂಡನ್ನು ನನ್ನ ತಟ್ಟೆಗೆ ಹಾಕುತ್ತಿದ್ದ. ಅಂದು ನನಗೆ ಬೆನ್ನು ಮಾಡಿ ಕುಳಿತು ಬಾಲವನ್ನೂ ತಾನೇ ತಿಂದ. ಮಲಗುವಾಗ ಕವೆಗೋಲನ್ನು ಶೆಡ್ಡಿನಲ್ಲಿ ಬಿಡದೆ ಹಾಸಿಗೆಯ ತಲೆಯ ಬಳಿ ಒರಗಿಸಿಕೊಂಡ. ಅದನ್ನು ಕಂಡು ನಾನೂ ಹೋಗಿ ನನ್ನದನ್ನು ತಂದೆ.

ಗುರುವಾರ ಆರು ಗುಡ್ಡೆ, ಮತ್ತೆ ಬಾವನ ಕಡೆ. ಡ್ಯಾರಿಲ್ ಬೈದುಹೋದ ಮೇಲೆ ಬಾವ ಒಂದೊಂದನ್ನೇ ಎತ್ತಿ ಗಾಡಿಗೆ ಬಡಿಯುತ್ತಿದ್ದ. ಒಂದು ಉಂಡೆ ಜಾರಿ ನನ್ನ ಕಾಲ ಬಳಿ ಬಂದು ಬಿದ್ದಿತು. ಬೇಕೆಂದೇ ಎಸೆದನೋ ಏನೋ. ಸಿಟ್ಟಿನಲ್ಲಿ ಅದನ್ನು ಕೈಯಲ್ಲೇ ಎತ್ತಿಕೊಂಡೆ. ಎಸೆಯಲು ಹೋದಾಗ ಅದು ಬೆರಳ ನಡುವೆ ಒಡೆಯಿತು. ಅಂಗೈ ತುಂಬಾ ಹೊಳಪಿನ ಹಳದಿ ಸಿಪ್ಪೆ. ಎರಡು ಮೂರು ಕಾಳು ಇಡಿಯಾಗಿಯೇ ಇದ್ದವು.

ಗಬ್ಬದ ಕುದುರೆಗಳಿಗೆ ಆ ತಿಂಗಳು ಹುಲ್ಲು ಬಿಟ್ಟು ಬೇರೇನೂ ಹಾಕುತ್ತಿರಲಿಲ್ಲ. ಹುಲ್ಲು ಮೇಯುವ ಕುದುರೆಯ ಲದ್ದಿಯಲ್ಲಿ ಓಟ್ಸ್ ಎಲ್ಲಿಂದ ಬರಬೇಕು?

"ಬಾವ, ಇಲ್ಲಿ ನೋಡು."

ಅವನು ಅತ್ತೆಯ ಕಡೆ ತಿರುಗಿದ. "ಅತ್ತೆ, ಏನೋ ತೋರಿಸ್ತಾರಂತೆ. ಬಂಗಾರ ಸಿಕ್ತೇನೋ."

"ಬಾವ, ತಮಾಷೆ ಅಲ್ಲ. ಓಟ್ಸ್ ಇದು."

ಅವನು ಬಂದು ಬಗ್ಗಿ ನೋಡಿದ. ಗಾಡಿಯಿಂದ ಇನ್ನೊಂದು ಉಂಡೆ ಎತ್ತಿ ಹಿಸುಕಿದ. ಆಮೇಲೆ ಇನ್ನೊಂದು. ಎಲ್ಲದರಲ್ಲೂ ಸಿಪ್ಪೆ ಇತ್ತು.

"ಓಟ್ಸ್ ತಿನ್ನೋ ಗಂಡುಕುದುರೆ ಲಾಯದ್ದು" ಎಂದ. ಮೂರು ದಿನದಲ್ಲಿ ಅವನು ನೇರವಾಗಿ ನನಗೆ ಹೇಳಿದ ಮೊದಲ ಮಾತು ಅದು. ಒಂದು ಉಂಡೆಯನ್ನು ಕೈಯಲ್ಲಿ ಎತ್ತಿಕೊಂಡ. "ಲಾಯದಲ್ಲಿ ಎತ್ತೋನು ದೊಡ್ಡಪ್ಪ ಒಬ್ನೇ."

ದೊಡ್ಡಪ್ಪ ಎಂದರೆ ಮನ್‌ಸಾಲೆ. ಊರಿನ ಯಜಮಾನರ ವಂಶದವನು. ಇಲ್ಲಿ ದುಡಿಯುವ ನಮ್ಮ ಹನ್ನೊಂದು ಜನಕ್ಕೂ ಜಗಳ ಬಿಡಿಸುವವನು ಅವನೇ.

ನಾವು ಹೋದಾಗ ಅವನು ಲಾಯದ ನೆಲಕ್ಕೆ ಪೈಪಿನಿಂದ ನೀರು ಬಿಡುತ್ತಿದ್ದ. ಬಾವ ಕೈಯಲ್ಲಿದ್ದುದನ್ನು ಅವನ ಮುಂದೆ ಒದ್ದೆ ಕಲ್ಲಿನ ಮೇಲೆ ಹಾಕಿದ.

"ಇದು ಯಾರದು ದೊಡ್ಡಪ್ಪ?"

"ಲದ್ದಿಗೂ ಹೆಸರಿಡ್ಬೇಕೇನ್ಲಾ ನುಮಾಕೆ?" ನಗುತ್ತಾ ಬಗ್ಗಿದವನು ಕಾಳನ್ನು ಕಂಡು ನಗು ನಿಲ್ಲಿಸಿದ. "ನಮ್ದೇ. ಎಲ್ಲಿತ್ತು ಇದು?"

"ನನ್ನ ಪಾಲ್ನಾಗೆ. ನಿನ್ನೆ ಇವರ ಪಾಲ್ನಾಗೆ. ನೀನೇ ತಂದಾಕ್ತಿದ್ದೀಯ?"

"ಲೇ, ನಾಲಿಗೆ ಬಿಗಿ ಹಿಡಿ!" ದೊಡ್ಡಪ್ಪ ಪೈಪು ಕೆಳಗೆ ಹಾಕಿದ. ನೀರು ನಮ್ಮ ಬೂಟುಗಳ ಸುತ್ತ ಹರಿಯಿತು. "ಮಂಗಳವಾರದಿಂದ ಆ ಡ್ಯಾರಿಲ್ ಹೊತ್ತು ಹುಟ್ಟೋಕ್ ಮುಂಚೆ ಬತ್ತಾನೆ. ಬೈಕಿನ ಹಿಂದೆ ತೊಟ್ಟಿ ಕಟ್ಕೊಂಡು. ಹೆಂಡ್ತಿ ಹೂದೋಟಕ್ಕೆ ಅಂತಾನೆ. ತುಂಬ್ಸು ಅಂತಾನೆ, ತುಂಬಿಸ್ತೀನಿ. ಎಲ್ ಸುರೀತಾನೆ ಅಂತ ನಾ ಯಾಕೆ ಕೇಳ್ಲಿ?"

ಹುಲ್ಲಿನ ಮೇಲೆ ಡ್ಯಾರಿಲ್‌ನ ಗಾಲಿಯ ಗುರುತು ದಿನವೂ ಇರುತ್ತಿತ್ತು. ತಪಾಸಣೆಗೆ ಬರುವವನ ಗುರುತನ್ನು ನಾವು ಯಾಕೆ ನೋಡುತ್ತೇವೆ? ನೋಡುತ್ತಿದ್ದುದು ಒಬ್ಬರ ಕೈಯನ್ನು ಇನ್ನೊಬ್ಬರು.

"ಸುಮ್ಸುಮ್ನೆ ಯಾರನ್ನೂ ಕಳಿಸೋಕೆ ಕೆಲಸದ ಒಪ್ಪಂದದ ಕಾಗದದಲ್ಲಿ ದಾರಿ ಇಲ್ಲ" ಎಂದೆ ನಾನು. "ತಪ್ಪು ಬೇಕು ಅವನಿಗೆ."

"ಬೋಳಿಮಗ" ಎಂದ ಬಾವ. ಆದರೆ ಅವನ ಕಣ್ಣು ದೊಡ್ಡಪ್ಪನ ಮೇಲೇ ಇತ್ತು. "ನಿಜ್ವಾಗ್ಲೂ ಗೊತ್ತಿರ್ಲಿಲ್ವಾ ನಿಂಗೆ?"

ಕೇಳಬಾರದಿತ್ತು. ನಾನೂ ಅದನ್ನೇ ಕೇಳಬೇಕೆಂದಿದ್ದೆ. ಲಾಯದ ಕೆಲಸ ನೆರಳಿನದು, ಒಳ್ಳೆಯದು. ಅದನ್ನು ಉಳಿಸಿಕೊಳ್ಳಲು ಮುದುಕ ಬಾಯಿ ಮುಚ್ಚಿಕೊಂಡಿರಬಹುದಲ್ಲ? ದೊಡ್ಡಪ್ಪ ನಮ್ಮಿಬ್ಬರನ್ನೂ ನೋಡಿದ. ಆಣೆ ಹಾಕಲಿಲ್ಲ. ನೀರು ನಿಲ್ಲಿಸಿ, ಪೈಪನ್ನು ಸುತ್ತಿಟ್ಟು, ಹಿಂದಿನ ಕಾಡಿನ ಕಡೆ ಹೊರಟ.

ಶುಕ್ರವಾರ ಏಳಕ್ಕೆ ನಾವು ಹನ್ನೊಂದು ಜನವೂ ಗಾವಲಿನ ಗೇಟಿನ ಹೊರಗೆ ನಿಂತಿದ್ದೆವು. ಡ್ಯಾರಿಲ್‌ನ ತೊಟ್ಟಿಗೆ ಹೋಗಬೇಕಿದ್ದ ಲಾಯದ ಲದ್ದಿಯೆಲ್ಲ ಅಂದು ಗೇಟಿನ ಮುಂದೆ ಬಿದ್ದಿತ್ತು. ಅದರ ನಡುವೆ ದೊಡ್ಡಪ್ಪ ತೆಂಗಿನ ಗರಿಯಂಥ ಒಂದು ಕಾಡುಗಿಡದ ಗರಿಯನ್ನು ನೆಟ್ಟಿದ್ದ. ನಮ್ಮಲ್ಲಿ ಅದಕ್ಕೆ ನಮೆಲೆ ಎನ್ನುತ್ತಾರೆ. ಯಜಮಾನ ಅದನ್ನು ನೆಟ್ಟ ಜಾಗವನ್ನು ಮಾತು ಬಗೆಹರಿಯುವ ತನಕ ಯಾರೂ ದಾಟುವುದಿಲ್ಲ, ನೆಟ್ಟವನೂ ದಾಟುವುದಿಲ್ಲ. ಈ ಕಾಡಿನಲ್ಲಿ ಸಿಕ್ಕಿದ್ದು ಅದರ ದಾಯಾದಿ ಗಿಡ.

ಡ್ಯಾರಿಲ್ ಬಂದ. ಲದ್ದಿ ನೋಡಿದ, ಗರಿ ನೋಡಿದ, ದೊಡ್ಡಪ್ಪನನ್ನು ನೋಡಿದ.

"ಬೆಳಿಗ್ಗೆ ಎಲ್ಲಿ ಸತ್ತಿದ್ಯೋ? ಇದೇನು ಮಾಟ ಮಂತ್ರನಾ? ಗೇಟು ತೆಗೀರಿ."

ಯಾರೂ ಮುಂದೆ ಹೋಗಲಿಲ್ಲ.

"ಸರಿ. ಹೆಸರು ಹೇಳು ನುಮಾಕೆ. ಯಾರು ಹೋಗೋದು?"

"ನಮ್ಮಲ್ಲಿ ಬಾವನ ಹೆಸರು ಹೇಳಂಗಿಲ್ಲ, ಬಾಸ್."

"ನೀನು ಹೇಳೋ ಮೇಷ್ಟ್ರೇ."

"ನಾನೂ ಹೇಳಂಗಿಲ್ಲ" ಎಂದೆ. "ಬೇಕಾದ್ರೆ ನಮ್ಮ ಗಾವಲಿನ ಲದ್ದಿಯಲ್ಲಿ ಓಟ್ಸ್ ಯಾಕಿತ್ತು ಅಂತ ಹೇಳ್ತೀನಿ. ಮಾಲೀಕರು ಬಂದಾಗ ಅವ್ರಿಗೂ ಹೇಳ್ತೀನಿ."

ಅವನ ಕತ್ತು ಕಿವಿಯ ತನಕ ಕೆಂಪಾಯಿತು. ಗರಿಯನ್ನು ಕೀಳಲು ಕೈ ಚಾಚಿದವನು ಅಲ್ಲೇ ನಿಂತ. ಮುಖದ ಮೇಲೆ ನಿಧಾನಕ್ಕೆ ನಗು ಬಂತು.

"ಇದು ಜಾನುವಾರಿಗೆ ವಿಷ, ಗೊತ್ತಾ? ಕುದುರೆ ಗೇಟಿಗೆ ವಿಷದ ಗಿಡ ತಂದು ನೆಟ್ಟಿದೀರಿ. ಪೊಲೀಸಿಗೆ ಕೊಡ್ತೀನಿ. ಫೋಟೋ, ಅಳತೆ ಎಲ್ಲಾ ಸಮೇತ." ಜೇಬಿನಿಂದ ಉಕ್ಕಿನ ಟೇಪು ತೆಗೆದು ತುದಿಯನ್ನು ನಮ್ಮ ಕಡೆ ಚಾಚಿದ. "ಹಿಡ್ಕೊಳ್ರೋ ಯಾರಾದ್ರೂ."

ಗೇಟಿನಾಚೆಯ ಬಯಲಿನಿಂದ ಕುದುರೆಗಳು ಕೆನೆದವು. ನಮ್ಮಲ್ಲಿ ಯಾರಾದರೂ ಒಬ್ಬ ಕೈ ಚಾಚಬಹುದೆಂದು ಹನ್ನೊಂದು ಜನವೂ ಒಬ್ಬರನ್ನೊಬ್ಬರು ಓರೆಗಣ್ಣಿನಲ್ಲಿ ನೋಡುತ್ತಲೇ ಇದ್ದೆವು.

ಯಾರೂ ಚಾಚಲಿಲ್ಲ. ಡ್ಯಾರಿಲ್ ತಾನೇ ತುದಿಯನ್ನು ಬುಡಕ್ಕೆ ಒತ್ತಿ ಟೇಪು ಎಳೆದ. ಅದು ಎರಡು ಸಲ ಜಾರಿ ಅವನ ಬೆರಳಿಗೆ ಬಡಿಯಿತು. ಮೂರನೆಯ ಸಲ ಅವನು, ತಾನೇ ಹೊತ್ತು ತಂದು ನಮ್ಮ ಪಾಲಿಗೆ ಸುರಿಯುತ್ತಿದ್ದ ಅದೇ ಲಾಯದ ಲದ್ದಿಯಲ್ಲಿ, ದೊಡ್ಡಪ್ಪನ ಗರಿಯ ಮುಂದೆ ಎರಡೂ ಮಂಡಿಯೂರಿ, ಒಂದು ಕೈಯಿಂದ ಬುಡವನ್ನು ಹಿಡಿದು, ಕತ್ತು ಮೇಲೆತ್ತಿ ಗರಿಯ ಎತ್ತರ ಓದಿದ.

ತೊಂಬತ್ತನಾಲ್ಕು ಸೆಂಟಿಮೀಟರ್.