ಮೇಜಿನ ಮೇಲೆ ಓಡಿದ ರೋಲರ್

ಕಂಪ್ಯೂಟರಿನಲ್ಲಿ ಕೆಂಪು ಪಟ್ಟಿ ಕಂಡಿದ್ದೇ ತಡ, ಸೈಟ್ ಮ್ಯಾನೇಜರಿಗೆ ಬಿಪಿ ಏರಿತು. ಅದೇನು ಹೊಸದಲ್ಲ ಬಿಡಿ, ಚಹಾ ಆರಿದ್ದರೂ ಏರುತ್ತಿತ್ತು. ಸೈಟಿನಲ್ಲಿ ಅವರ ಹೆಸರೇ ಬಿಪಿ ಸರ್. ಆದರೆ ಇವತ್ತಿನ ಕೂಗಿಗೆ ತಗಡಿನ ಕ್ಯಾಬಿನ್ನೇ ಗಡಗಡ ಅಂದಿತು.

"ನೋಡಮ್ಮಾ, ಕಾಂಪೌಂಡ್ ಗೋಡೆ ಉದ್ದಕ್ಕೂ ಕೆಂಪು! ಆ ಕಡೆ ರೋಲರ್ ಹೋಗೇ ಇಲ್ಲ. ನಾಳೆ ಬಸ್ಸು ನಿಂತ್ರೆ ನೆಲ ಕುಸಿದು ಕೂರುತ್ತೆ. ಸಂಜೆ ಕೆಲಸ ಪರೀಕ್ಷೆ ಮಾಡೋಕೆ ಇನ್‌ಸ್ಪೆಕ್ಟರ್ ಬರ್ತಾರೆ. ಡ್ರೈವರ್ ಕೆಲಸ ಕದ್ದಿದಾನೆ ಅಂತ ವರದಿ ಬರಿ. ಇವತ್ತೇ ಅವನನ್ನ ಗಾಡಿಯಿಂದ ಇಳಿಸ್ತೀನಿ!"

ಬರೆಯಬೇಕಾದವಳ ಎದೆ ಧಸಕ್ಕೆಂದಿತು. ಅಲ್ಲಿ ಬಸ್ ಡಿಪೋ ಏಳುತ್ತಿತ್ತು. ಹಾಕಿದ ಮಣ್ಣಿನ ಮೇಲೆ ರೋಲರ್ ಎಂಟು ಸಲ ಓಡಾಡಿದರೆ ನಕ್ಷೆಯಲ್ಲಿ ಆ ಜಾಗ ಹಸಿರು, ಕಡಿಮೆಯಾದರೆ ಕೆಂಪು. ದಿನವೂ ಆ ನಕ್ಷೆ ನೋಡಿ ಸಹಿ ಹಾಕುವ ಎಂಜಿನಿಯರ್ ಅವಳು. ರೋಲರ್ ಓಡಿಸುವವನು ಅವಳ ಸ್ವಂತ ಚಿಕ್ಕಪ್ಪ! ಸೈಟಿನಲ್ಲಿ ನಂಟಸ್ತನ ಬೇಡ ಅಂತ ಇಬ್ಬರೂ ಮೊದಲೇ ಮಾತಾಡಿಕೊಂಡಿದ್ದರು. ಎದುರು ಸಿಕ್ಕಾಗಲೆಲ್ಲ ಅವನು "ನಮಸ್ಕಾರ ಮೇಡಂ" ಅಂತ ಸೊಂಟ ಬಗ್ಗಿಸಿ, ಮೀಸೆಯೊಳಗೇ ನಗುತ್ತಿದ್ದ.

ಅವಳು ಹೋಗಿ ಕೇಳಿದಾಗ ಆ ನಗು ಇರಲಿಲ್ಲ.

"ಗೋಡೆಗೆ ಉಜ್ಜಿಕೊಂಡು ಎಂಟು ಸಲ ಹೋಗಿದೀನಿ ಮೇಡಂ. ಒಂದು ಗೇಣೂ ಬಿಟ್ಟಿಲ್ಲ. ತಲೆ ನರೆತ ಮೇಲೆ ಕೆಲಸಗಳ್ಳ ಅನ್ನಿಸ್ಕೊಂಡು ಇಳೀಬೇಕಾ?"

ಅವಳಿಗೆ ಅಳು ಬಂತು. ಆದರೆ ಚಿಕ್ಕಪ್ಪನ ಬಾಯಿ ಎಂಥದ್ದು ಅಂತ ಅವಳಿಗೆ ಗೊತ್ತಿಲ್ಲವೇ? ಒಂದು ಹಾವು ಕಂಡರೆ ಹತ್ತು ಕಂಡೆ ಅನ್ನುವ ಆಸಾಮಿ! ನಂಬಲೂ ಆಗದೆ ಬಿಡಲೂ ಆಗದೆ ಅವಳು ವಾಪಸ್ ಬಂದು ನಕ್ಷೆಯ ಮುಂದೆ ಕೂತಳು. ಹಿಗ್ಗಿಸಿದಳು, ಕುಗ್ಗಿಸಿದಳು. ಕೆಂಪು ಕೆಂಪಾಗಿಯೇ ಇತ್ತು.

ಆಗ ಮೂಲೆಯ ಒಂದು ಸಣ್ಣ ಚೌಕ ಕಣ್ಣಿಗೆ ಬಿತ್ತು. 'ಗಡಿಯ ಹೊರಗಿನದನ್ನು ತೋರಿಸಬೇಡ' ಅಂತ ಅದರಲ್ಲಿ ಟಿಕ್ ಇತ್ತು. ಡಿಪೋ ಗಡಿಯಾಚೆ ಯಾರಿಗೆ ಏನು ಕೆಲಸ? ಅದನ್ನು ಯಾರೂ ಯಾವತ್ತೂ ಮುಟ್ಟಿರಲಿಲ್ಲ. ನೋಡೇಬಿಡೋಣ ಅಂತ ಅವಳು ಟಿಕ್ ತೆಗೆದಳು.

ಅಬ್ಬಬ್ಬಾ! ಗೋಡೆಯ ಎದುರು ಬದಿಯಲ್ಲಿ ಹಸಿರು ಗಡಿ ದಾಟಿತ್ತು, ಚರಂಡಿ ದಾಟಿತ್ತು, ನೇರ ಈ ಕ್ಯಾಬಿನ್ನಿಗೇ ನುಗ್ಗಿತ್ತು. ಅವಳು ಕೂತ ಮೇಜಿನ ಮೇಲೆ ಹನ್ನೆರಡು ಟನ್ನಿನ ರೋಲರ್ ಬೆಳಗಿನಿಂದ ಎಂಟು ಸಲ ಓಡಾಡಿತ್ತಂತೆ! ಅವಳು ಮೇಜು ತಟ್ಟಿ ನೋಡಿದಳು, ಗಟ್ಟಿಯಾಗಿತ್ತು. ಚಹಾದ ಲೋಟ ಕೂಡ ತುಳುಕಿರಲಿಲ್ಲ. ಅವಳಿಗೆ ನಗು ತಡೆಯಲಾಗಲಿಲ್ಲ.

ಜಾರಿದ್ದು ನಕ್ಷೆ! ಇಡೀ ನಕ್ಷೆ ಈ ಕಡೆ ಜಾರಿ ಕೂತಿದ್ದಕ್ಕೇ ಆ ಕಡೆ ಗೋಡೆಯ ಪಕ್ಕ ಬರಿದಾಗಿ ಕಂಡಿದೆ!

ಅವಳು ಹೆಲ್ಮೆಟ್ ಕೂಡ ಮರೆತು ಹೊರಗೆ ಓಡಿದಳು. ರೋಲರ್ ಎಲ್ಲಿದೆ ಅಂತ ರೋಲರಿಗೇ ಹೇಳಿಕೊಡುವ ಒಂದು ಯಂತ್ರ ಸೈಟಿನ ಬಾಗಿಲ ಬಳಿ ಮೂರು ಕಾಲಿನ ಮೇಲೆ ನಿಂತಿರುತ್ತದೆ. ನೆಲಕ್ಕೆ ಹೊಡೆದ ಗುರುತಿನ ಮೊಳೆಯ ನೆತ್ತಿಯ ಮೇಲೇ ಅದು ನಿಲ್ಲಬೇಕು. ಎಷ್ಟು ಸರಿಸುತ್ತೀರೋ ನಕ್ಷೆ ಅಷ್ಟೇ ಸರಿಯುತ್ತದೆ. ಯಂತ್ರದ ಕೆಳಗೆ ನೋಡಿದಳು, ಮೊಳೆ ಇಲ್ಲ. ಆಚೀಚೆ ಹುಡುಕಿದಳು. ಕೊನೆಗೆ ಬಿಪಿ ಸರ್ ಕಾರಿನಡಿ ಅಂಗಾತ ನುಸುಳಿ ಕತ್ತು ತಿರುಗಿಸಿದರೆ, ಅಲ್ಲಿತ್ತು ಮೊಳೆ!

"ಚಿಕ್ಕಪ್ಪಾ!" ಅವಳು ಅಲ್ಲಿಂದಲೇ ಕಿರುಚಿದಳು. "ನೀನು ಬಿಟ್ಟಿಲ್ಲ ಚಿಕ್ಕಪ್ಪಾ! ನೀನು ಬಿಟ್ಟೇ ಇಲ್ಲ!"

ಇಡೀ ಸೈಟಿಗೆ ಕೇಳಿಸಿತು. ಬಿಪಿ ಸರ್ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತರು. ಅವರ ಬೆನ್ನಿಗೇ ಆಗಷ್ಟೇ ಬಂದಿಳಿದ ಇನ್‌ಸ್ಪೆಕ್ಟರ್.

"ಓಹೋ, ಚಿಕ್ಕಪ್ಪನೋ! ಅದಕ್ಕೇ ಕೆಂಪನ್ನ ಹಸಿರು ಮಾಡೋಕೆ ಹೊರಟಿದೀಯ?" ಅಂದರು ಬಿಪಿ ಸರ್.

"ಸರ್, ಈ ಯಂತ್ರ ಸರಿಸಿದ್ದು ಯಾರು?"

ಅವರ ಮುಖ ಇಂಗು ತಿಂದ ಮಂಗನ ಹಾಗಾಯಿತು. "ಬೆಳಿಗ್ಗೆ ಕಾರಿಗೆ ಅಡ್ಡ ಬಂತು... ಸ್ವಲ್ಪ ಪಕ್ಕಕ್ಕಿಟ್ಟೆ. ಅಷ್ಟಕ್ಕೆ ಏನಾಗುತ್ತೆ?"

"ಟೇಪ್ ತನ್ನಿ" ಅಂದರು ಇನ್‌ಸ್ಪೆಕ್ಟರ್.

ಕಾರು ಹಿಂದೆ ಸರಿಯಿತು. ಮೊಳೆಯಿಂದ ಯಂತ್ರದವರೆಗೆ ಅಳೆದರು. ಎಲ್ಲರೂ ಕ್ಯಾಬಿನ್ನಿನಲ್ಲಿ ಉಸಿರು ಬಿಗಿಹಿಡಿದು ನಿಂತಿರುವಾಗ ಅವಳು ಅಷ್ಟೇ ದೂರ ನಕ್ಷೆಯನ್ನು ಹಿಂದಕ್ಕೆ ತಳ್ಳಿದಳು. ಮೇಜಿನ ಮೇಲಿನ ಹಸಿರು ಹೋಯಿತು, ಗೋಡೆಯ ಪಕ್ಕದ ಕೆಂಪು ಹೋಯಿತು. ಬಾಗಿಲಲ್ಲಿ ನಿಂತಿದ್ದ ಚಿಕ್ಕಪ್ಪ "ನಾನು ಹೇಳಲಿಲ್ವಾ!" ಅಂತ ಎದೆ ಉಬ್ಬಿಸಿದ. ಅವಳ ಹೊಟ್ಟೆಗೆ ಹಾಲು ಹುಯ್ದಂತಾಯಿತು.

ಇನ್‌ಸ್ಪೆಕ್ಟರ್ ಪೆನ್ನು ತೆಗೆದರು. ಅಷ್ಟರಲ್ಲಿ ಅವಳ ಕಣ್ಣು ಗೋಡೆಯ ಮೂಲೆಗೆ ಹೋಯಿತು. ಅಲ್ಲೊಂದು ಚುಕ್ಕೆ, ಸಾಸಿವೆಯಷ್ಟು. ಹಿಗ್ಗಿಸಿದಳು. ಕೆಂಪು. ಬೇರೆ ಯಾರೂ ನೋಡಿರಲಿಲ್ಲ. ಒಂದು ಗೇಣೂ ಬಿಟ್ಟಿಲ್ಲ ಅಂದವನು ಹಿಂದೆಯೇ ನಿಂತಿದ್ದಾನೆ. ಈಗ ಬಾಯಿ ಬಿಟ್ಟರೆ ಅವನ ಮಾನ ಮತ್ತೆ ಬೀದಿಗೆ. ಬಿಡದಿದ್ದರೆ ಆ ಮಣ್ಣಿನ ಮೇಲೇ ಬಸ್ಸು.

"ಸರ್, ಸಹಿ ಹಾಕಬೇಡಿ" ಅಂದಳು. "ಮೂಲೇಲಿ ಇನ್ನೂ ಕೆಂಪಿದೆ. ಇದು ನಕ್ಷೆ ತಪ್ಪಲ್ಲ. ಅಲ್ಲಿ ರೋಲರ್ ನಾಲ್ಕೇ ಸಲ ಹೋಗಿದೆ."

"ಅಯ್ಯೋ, ಅಷ್ಟಕ್ಕೆಲ್ಲ ಯಾಕಮ್ಮಾ, ಬಿಡು" ಅಂದರು ಬಿಪಿ ಸರ್. ಅವರಿಗೀಗ ಮಾತು ಮುಗಿದರೆ ಸಾಕಾಗಿತ್ತು.

ಚಿಕ್ಕಪ್ಪ ಒಳಗೆ ಬಂದು ಪರದೆಗೆ ಮುಖ ಹಚ್ಚಿ ನೋಡಿದ. ಮುಖ ಸಪ್ಪಗಾಯಿತು.

"ಅಲ್ಲಿ ಫೋನ್ ಬಂತು. ಮಾತಾಡ್ತಾ ಗಾಡಿ ತಿರುಗಿಸಿಬಿಟ್ಟೆ" ಅಂದ. "ಬೇರೆ ಯಾರೇ ಹೇಳಿದ್ರೂ ಇಲ್ಲ ಅಂತ ಜಗಳಕ್ಕೆ ನಿಲ್ತಿದ್ದೆ. ಇವಳು ಹೇಳಿದ್ಲಲ್ಲ, ಒಪ್ಕೊಂಡೆ." ಹೆಲ್ಮೆಟ್ ಹಾಕಿಕೊಂಡು ಹೊರಟೇಬಿಟ್ಟ.

ಇನ್‌ಸ್ಪೆಕ್ಟರ್ ಅವಳತ್ತ ತಿರುಗಿದರು. "ನಿಜವಾಗ್ಲೂ ನಿಮ್ಮ ಚಿಕ್ಕಪ್ಪನಾ?"

"ಹೌದು ಸರ್. ಅಪ್ಪನ ಒಡಹುಟ್ಟಿದ ತಮ್ಮ."

"ಹಾಗಾದ್ರೆ ನಿಮ್ಮ ನಕ್ಷೇನ ಇನ್ಮೇಲೆ ನಾನು ಎರಡು ಸಲ ನೋಡೋ ಅಗತ್ಯ ಇಲ್ಲ" ಅಂದರು ಅವರು.

ಯಂತ್ರ ಮತ್ತೆ ಮೊಳೆಯ ಮೇಲೆ ನಿಂತಿತು. ರೋಲರ್ ಗುಡುಗುತ್ತಾ ಮೂಲೆಗೆ ಹೋಯಿತು. ಅವಳು ಕ್ಯಾಬಿನ್ನಿನ ಕಿಟಕಿಯಿಂದ ಅರ್ಧ ಮೈ ಹೊರಹಾಕಿ, ಒಂದು ಕಣ್ಣು ಪರದೆಯ ಮೇಲಿಟ್ಟು ಐದರಿಂದ ಎಣಿಸುತ್ತಾ ಕೂಗಿದಳು. ಎಂಟನೆಯದಕ್ಕೆ ಚುಕ್ಕೆ ಹಸಿರಾಯಿತು.

"ಸಾಕು ಚಿಕ್ಕಪ್ಪಾ! ಆಯ್ತು, ಬಾ!"

ರೋಲರ್ ನಿಲ್ಲಲಿಲ್ಲ, ಮತ್ತೆ ಮೂಲೆಗೇ ಹೊರಟಿತು.

"ಇನ್ನೊಂದು ಸಲ ಹೋಗ್ತೀನಿ ಕಣೇ ಮಗಳೇ" ಅಂತ ಅವನು ರೋಲರಿನ ಸದ್ದನ್ನೂ ಮೀರಿಸಿ ಕೂಗಿದ. "ಈ ಸಲ ಸರಿಯಾಗಿ ನೋಡ್ಕೋ!"